ಮಳೆ ಬರುವುದೆಂಬ ಮಾತಿಗೆ ಕಾರಣ ಬೇಕೆ?

ಬೆಂಗಳೂರಿನ ಪಡುವಣ ಅಂಚಿನಲ್ಲಿ, ಪೀಣ್ಯದ ಕಾರ್ಖಾನೆಗಳ ನೆರೆಯಲ್ಲಿ, ಲಗ್ಗೆರೆಯೆಂಬ ಊರುಂಟು. ಊರೆನ್ನುವುದು ಈಗ ಬರಿಯ ವಾಡಿಕೆಯ ಮಾತು. ಪಟ್ಟಣವು ಅದನ್ನು ತನ್ನೊಳಗೆ ಸೇರಿಸಿಕೊಂಡು ಬಹುಕಾಲವಾಯಿತು. ಹೆಸರಿನ ತುದಿಯಲ್ಲಿ ಕೆರೆಯ ಧ್ವನಿಯು ಇನ್ನೂ ಕಿವಿಗೆ ಬೀಳುವುದಾದರೂ, ಕಣ್ಣಿಗೆ ಬೀಳುವವು ಹೊರವರ್ತುಲ ರಸ್ತೆಯ ಸೇತುವೆ, ಸಣ್ಣಪುಟ್ಟ ಯಂತ್ರಶಾಲೆಗಳು, ಇಳಿಜಾರಿನ ಬೀದಿಗಳಲ್ಲಿ ಒಂದನ್ನೊಂದು ಒತ್ತಿಕೊಂಡು ನಿಂತ ಮನೆಗಳು. ಇಲ್ಲಿ ಬಿದ್ದ ಮಳೆಯು ರಾಜಕಾಲುವೆಗಳನ್ನು ಹಿಡಿದು ವೃಷಭಾವತಿಗೆ ಇಳಿದು, ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರತಕ್ಕದ್ದು. ಸೇರುವ ಮೊದಲು ತಗ್ಗಿನ ಮನೆಗಳ ಹೊಸ್ತಿಲನ್ನು ಒಮ್ಮೆ ನೋಡಿಕೊಂಡು ಹೋಗುವುದೂ ಉಂಟು. ೨೦೨೪ನೆಯ ಇಸವಿಯ ಜೂನ್ ೨ರಂದು ಬೆಂಗಳೂರಿನಲ್ಲಿ ಒಂದೇ ದಿನ ೧೧೧.೧ ಮಿಲಿಮೀಟರು ಮಳೆ ಸುರಿಯಿತು. ಜೂನ್ ತಿಂಗಳಿನ ಒಂದು ದಿನದ ಮಳೆಯಲ್ಲಿ ಅದಕ್ಕೆ ಹಿಂದಿನ ಹಿರಿಯ ಲೆಕ್ಕವೆಂದರೆ ೧೮೯೧ನೆಯ ಇಸವಿಯ ಜೂನ್ ೧೬ರ ೧೦೧.೬ ಮಿಲಿಮೀಟರು, ೧೩೩ ವರ್ಷ ಅಳಿಯದೆ ನಿಂತಿದ್ದ ಲೆಕ್ಕವದು. ಪಟ್ಟಣದವನಿಗೆ ಇಂತಹ ಮಳೆಯೆಂದರೆ ದಿಗಿಲು. ಆದರೆ ಬಯಲುಸೀಮೆಯ ಹಳ್ಳಿಗಳಿಂದ ಕೆಲಸವನ್ನರಸಿ ಬಂದು ಇದೇ ಬೀದಿಗಳಲ್ಲಿ ನೆಲೆಸಿದ ಸಂಸಾರಗಳಲ್ಲಿ, ಅದೇ ಹೊತ್ತಿಗೆ ಊರಿನ ಹೊಲವನ್ನು ನೆನೆದು “ಅಲ್ಲಿಯೂ ಬಿದ್ದಿದ್ದರೆ ಆಗುತ್ತಿತ್ತು” ಎಂದುಕೊಳ್ಳುವವರೂ ಇರುತ್ತಾರೆ.

ಇಂತಹ ಬೀದಿಯೊಂದರ ಬಾಡಿಗೆಯ ಮನೆಯಲ್ಲಿ, ಹವಾಮಾನಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಗಾಗಿ ಸಂಶೋಧನೆ ನಡೆಸುತ್ತಿರುವ ಹೆಣ್ಣುಮಗಳೊಬ್ಬಳು ಇರುವಳೆಂದು ವಾಚಕರು ಭಾವಿಸಿಕೊಳ್ಳಲಿ. ಆಕೆಯ ತಾತ ಪಾವಗಡದ ಕಡೆಯವನು. ಮಳೆಯನ್ನೇ ನಂಬಿ ಕಡಲೆಕಾಯಿ ಬೆಳೆಯುವವನು. ಮುಂದಿನ ಹತ್ತು ದಿನಗಳಲ್ಲಿ ಆ ಸೀಮೆಗೆ ಮಳೆಯಾಗುವುದೆಂದು ಆಕೆಯ ಗಣಕಯಂತ್ರ ಹೇಳಿದೆ. ಬಿತ್ತನೆಬೀಜವನ್ನು ಸಾಲ ಮಾಡಿ ತಂದಿಟ್ಟುಕೊಂಡಿರುವ ತಾತ ಫೋನಿನಲ್ಲಿ ಕೇಳುತ್ತಾನೆ:

“ಬರ್ತೈತೆ ಅಂತೀಯಲ್ಲಮ್ಮ, ಯಾಕೆ ಬರ್ತೈತೆ?”

“ಯಾಕೆ ಅಂತ ಅದು ಹೇಳಲ್ಲ ತಾತ. ಹತ್ತು ಸಲ ಹೇಳಿದ್ರೆ ಎಂಟು ಸಲ ನಿಜ ಆಗೈತೆ, ಅಷ್ಟೆ.”

“ಹಂಗಾದ್ರೆ ಉಳಿದೆರಡು ಸಲ ಯಾವುದು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?”

ಈ ಸಂಭಾಷಣೆ ಕಲ್ಪಿತವಾದರೂ ಪ್ರಶ್ನೆ ಕಲ್ಪಿತವಲ್ಲ. ಅದಕ್ಕೆ ಉತ್ತರವನ್ನು ಹುಡುಕುವ ಕೆಲಸವೇ ಇಂದು ಹವಾಮಾನಶಾಸ್ತ್ರದಲ್ಲಿ ಒಂದು ಪ್ರತ್ಯೇಕ ವ್ಯಾಸಂಗವಾಗಿ ಬೆಳೆದಿದೆ. ಯಂತ್ರವು ಕಲಿತು ಹೇಳಿದ ಮಾತಿಗೆ ಕಾರಣವನ್ನು ಹೊರಡಿಸುವುದು ಆ ವ್ಯಾಸಂಗದ ಉದ್ದೇಶ. ಅದನ್ನು ಬರಿಯ ಯಂತ್ರವಿದ್ಯೆಯೆಂದು ಎಣಿಸುವುದು ಸರಿಯಲ್ಲ. ಒಬ್ಬರ ಮಾತನ್ನು ನಂಬಿ ಮತ್ತೊಬ್ಬರು ತಮ್ಮ ಅನ್ನವನ್ನು ಪಣವಾಗಿಡಬೇಕಾದಾಗ, ಹೇಳಿದವರು ಕೇಳಿದವರಿಗೆ ಏನನ್ನು ಸಲ್ಲಿಸಬೇಕು ಎಂಬ ಧರ್ಮದ ಪ್ರಶ್ನೆಯೂ ಅದರಲ್ಲಿದೆ.

ಮೊದಲು ಯಂತ್ರದ ವಿಷಯ. ಹವೆಯನ್ನು ಮುಂಗಂಡು ಹೇಳುವುದರಲ್ಲಿ ಹಳೆಯ ಕ್ರಮವೊಂದು, ಹೊಸ ಕ್ರಮವೊಂದು. ಹಳೆಯ ಕ್ರಮದಲ್ಲಿ ಗಾಳಿ, ಒತ್ತಡ, ಉಷ್ಣತೆ, ತೇವ ಇವುಗಳ ಇಂದಿನ ಸ್ಥಿತಿಯನ್ನು ಅಳೆದು, ಭೌತಶಾಸ್ತ್ರದ ನಿಯಮಗಳನ್ನು ಸಮೀಕರಣಗಳಾಗಿ ಬರೆದು, ಅವುಗಳನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸುತ್ತ ನಾಳಿನ ಸ್ಥಿತಿಯನ್ನು ಮುಟ್ಟುವರು. ಹೊಸ ಕ್ರಮದಲ್ಲಿ ಆ ಸಮೀಕರಣಗಳನ್ನು ಯಂತ್ರಕ್ಕೆ ಯಾರೂ ಹೇಳಿಕೊಡುವುದಿಲ್ಲ. ಹಲವು ದಶಕಗಳ ಹವೆಯ ದಾಖಲೆಯನ್ನು ಅದರ ಮುಂದಿಟ್ಟು, ಈ ಹೊತ್ತು ಹೀಗಿದ್ದಿತು, ಆರು ಗಂಟೆ ಕಳೆದ ಮೇಲೆ ಹೀಗಾಯಿತು ಎಂದು ಮತ್ತೆ ಮತ್ತೆ ತೋರಿಸುವರು. ತಪ್ಪಿದಾಗಲೆಲ್ಲ ಯಂತ್ರವು ತನ್ನೊಳಗಿನ ತೂಕಗಳನ್ನು ಕೊಂಚ ಕೊಂಚವಾಗಿ ತಿದ್ದಿಕೊಳ್ಳುವುದು. ೨೦೨೩ರಲ್ಲಿ ಪ್ರಸಿದ್ಧಿಗೆ ಬಂದ ಗ್ರಾಫ್‌ಕಾಸ್ಟ್ ಎಂಬುದು ೧೯೭೯ರಿಂದ ೨೦೧೭ರವರೆಗಿನ ದಾಖಲೆಯಿಂದ ಹೀಗೆ ಕಲಿತದ್ದು. ಅದರೊಳಗಿನ ತೂಕಗಳ ಸಂಖ್ಯೆ ೩ ಕೋಟಿ ೬೭ ಲಕ್ಷ. ಇಡೀ ಭೂಮಂಡಲದ ಹತ್ತು ದಿನಗಳ ಹವೆಯನ್ನು ಅದು ಒಂದು ನಿಮಿಷದೊಳಗಾಗಿ ಹೇಳಬಲ್ಲದು. ಯೂರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರವು ಇಂತಹುದೇ ಒಂದನ್ನು ೨೦೨೫ರ ಫೆಬ್ರವರಿಯಲ್ಲಿ ನಿತ್ಯದ ಬಳಕೆಗೆ ತಂದಿತು. ಅದೇ ವರ್ಷ ಭಾರತ ಸರ್ಕಾರದ ಕೃಷಿ ಮಂತ್ರಾಲಯವು ಈ ಬಗೆಯ ಯಂತ್ರಗಳ ನೆರವಿನಿಂದ, ಮುಂಗಾರು ಎಂದು ಹಿಡಿಯುವುದೆಂಬ ಸುದ್ದಿಯನ್ನು ೧೩ ರಾಜ್ಯಗಳ ಸುಮಾರು ೩ ಕೋಟಿ ೮೦ ಲಕ್ಷ ರೈತರ ಮೊಬೈಲಿಗೆ ಸಂದೇಶವಾಗಿ ಕಳುಹಿಸಿತು. ಆ ವರ್ಷ ಮುಂಗಾರು ಬೇಗನೆ ಕಾಲಿಟ್ಟು, ಉತ್ತರಕ್ಕೆ ಸಾಗುವಾಗ ನಡುವೆ ಸುಮಾರು ಇಪ್ಪತ್ತು ದಿನ ನಿಂತುಬಿಟ್ಟಿತು. ಆ ನಿಲುಗಡೆಯನ್ನು ಯಂತ್ರವು ಮೊದಲೇ ಗುರುತಿಸಿತ್ತೆಂಬುದು ಸಣ್ಣ ಮಾತಲ್ಲ.

ಇಷ್ಟು ಚೆನ್ನಾಗಿ ಹೇಳುವ ಯಂತ್ರದಿಂದ ಕಾರಣವನ್ನೇಕೆ ಕೇಳಬೇಕು? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಬಿಡುವಂತಿಲ್ಲ. ಆಸ್ಪಿರಿನ್ ಮಾತ್ರೆಯು ೧೮೯೯ರಲ್ಲಿ ಅಂಗಡಿಗೆ ಬಂದಿತು; ಅದು ನೋವನ್ನು ತಗ್ಗಿಸುವ ಬಗೆಯನ್ನು ಜಾನ್ ವೇನ್ ಎಂಬ ವಿದ್ವಾಂಸನು ಕಂಡುಹಿಡಿದದ್ದು ೧೯೭೧ರಲ್ಲಿ. ನಡುವಿನ ಎಪ್ಪತ್ತು ವರ್ಷ ಕಾರಣವನ್ನರಿಯದೆಯೇ ಲೋಕವು ಅದನ್ನು ನುಂಗಿತು, ತಲೆನೋವೂ ಇಳಿಯಿತು. ಪಂಚಾಂಗವನ್ನು ತೆರೆದು ಭರಣಿ, ರೋಹಿಣಿ, ಆರಿದ್ರೆ ಎಂದು ಮಳೆಗಳನ್ನು ಎಣಿಸುವ ರೈತನು ಅದಕ್ಕಾದರೂ ಕಾರಣವನ್ನು ಕೇಳಿದನೆ? ಇರುವೆಗಳು ಮೊಟ್ಟೆಗಳನ್ನು ಹೊತ್ತು ಸಾಗುವುದನ್ನು ಕಂಡು ಮಳೆ ಬಂದೀತೆನ್ನುವ ಅಜ್ಜಿಯು ಇರುವೆಯೊಡನೆ ವಾದಕ್ಕೆ ನಿಂತಳೆ? ಮನುಷ್ಯನನ್ನೂ ಮದ್ದನ್ನೂ ಹೊತ್ತಗೆಯನ್ನೂ ಕೇಳದ ಕಾರಣವನ್ನು ಯಂತ್ರದ ಮೇಲೆ ಮಾತ್ರ ಹೊರಿಸುವುದು ಅನ್ಯಾಯವಲ್ಲವೆ ಎಂದು ಕೇಳುವವರಿದ್ದಾರೆ.

ಪಂಚಾಂಗದ ಮಾತು ಬಂದುದರಿಂದ ಇಲ್ಲೊಂದು ವಿಷಯವನ್ನು ಹೇಳಬೇಕು. ಮಳೆನಕ್ಷತ್ರಗಳೆಂಬವು ಸೂರ್ಯನ ಗತಿಯನ್ನನುಸರಿಸಿದವು. ಸೂರ್ಯನು ಇಂತಹ ನಕ್ಷತ್ರದಲ್ಲಿರುವಾಗ ಇಂತಹ ಮಳೆಯೆಂಬುದು ಋತುವಿನ ಲೆಕ್ಕವೇ ಹೊರತು ಬೇರೆಯಲ್ಲ. ತಲೆತಲಾಂತರದಿಂದ ಬಂದ ಸರಾಸರಿಯ ಜ್ಞಾನ ಅದರಲ್ಲಿ ಅಡಗಿದೆ. ಆದಕಾರಣ ಅದು ಬಹುಮಟ್ಟಿಗೆ ನಿಲ್ಲುತ್ತದೆ. ಈ ವರ್ಷ ಇಷ್ಟು ಕೊಳಗ ಮಳೆಯೆಂದು ಅದೇ ಪಂಚಾಂಗದ ಇನ್ನೊಂದು ಪುಟ ಹೇಳುವಾಗ ಮಾತಿನ ಜಾತಿಯೇ ಬೇರೆಯಾಗುತ್ತದೆ. ಎರಡನ್ನೂ ಒಂದೇ ಅಕ್ಷರದಲ್ಲಿ, ಒಂದೇ ಮಸಿಯಲ್ಲಿ ಅಚ್ಚುಮಾಡಿರುತ್ತಾರೆ. ಯಾವುದು ಗಟ್ಟಿ, ಯಾವುದು ಜೊಳ್ಳು ಎಂಬುದನ್ನು ಪುಟವನ್ನು ನೋಡಿ ತಿಳಿಯಲಾಗದು. ಅದು ಹೇಗೆ ಬಂದಿತೆಂಬುದನ್ನು ಕೇಳಿಯೇ ತಿಳಿಯಬೇಕು. ಆಸ್ಪಿರಿನ್ನಿನ ದೃಷ್ಟಾಂತಕ್ಕೂ ಒಂದು ಮಿತಿಯುಂಟು. ನೂರು ವರ್ಷದ ಹಿಂದಿನ ಮೈಗೂ ಇಂದಿನ ಮೈಗೂ ಭೇದವಿಲ್ಲವಾದುದರಿಂದ ಅಂದಿನ ಗುಣ ಇಂದಿಗೂ ಸಲ್ಲುತ್ತದೆ. ಆಕಾಶವು ಹಾಗಲ್ಲ. ಕಡಲುಗಳು ಕಾವೇರುತ್ತಿವೆ, ೧೩೩ ವರ್ಷ ಕಾಣದ ಜೂನ್ ಮಳೆಯು ಒಂದು ದಿನ ಬಂದು ಬೀಳುತ್ತದೆ. ನಿನ್ನೆಯಿಂದ ಕಲಿತವನು ನಿನ್ನೆಯಂತಲ್ಲದ ನಾಳೆಯ ಮುಂದೆ ನಿಂತಾಗ, ಹತ್ತಕ್ಕೆ ಎಂಟು ಎಂಬ ಹಳೆಯ ಅಂಕವು ಎಷ್ಟರ ಮಟ್ಟಿಗೆ ಆಧಾರವಾದೀತು?

ಈ ಪ್ರಶ್ನೆ ಹೊಸದೇನೂ ಅಲ್ಲ. ಗಣಕಯಂತ್ರವು ಹುಟ್ಟುವುದಕ್ಕೆ ಮೊದಲೇ ಭಾರತದ ಹವಾಮಾನಶಾಸ್ತ್ರವು ಅದನ್ನು ಎದುರಿಸಿದೆ. ೧೮೭೬-೭೮ರ ಧಾತು ಈಶ್ವರ ಸಂವತ್ಸರಗಳ ಕ್ಷಾಮವು ಮೈಸೂರು ಸೀಮೆಯನ್ನು ಬರಿದುಮಾಡಿ ಹೋಗಿದ್ದಿತು. ಮುಂಗಾರು ಕೈಕೊಡುವುದನ್ನು ಮೊದಲೇ ತಿಳಿಯಬೇಕೆಂಬ ಹಂಬಲಕ್ಕೆ ಆ ಕಾಲದ ಕ್ಷಾಮಗಳೇ ಮೂಲ. ೧೯೦೪ರಲ್ಲಿ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞನು ಭಾರತದ ವೀಕ್ಷಣಾಲಯಗಳ ಮುಖ್ಯಾಧಿಕಾರಿಯಾಗಿ ಬಂದನು. ಮುಂಗಾರಿನ ಕಾರಣವನ್ನು ಸಿದ್ಧಾಂತದಿಂದ ಬಿಡಿಸುವುದು ಸದ್ಯಕ್ಕೆ ಆಗದ ಕೆಲಸವೆಂದು ಕಂಡು, ಆತನು ಬೇರೊಂದು ದಾರಿಯನ್ನು ಹಿಡಿದನು. ಲೋಕದ ನಾನಾ ಕಡೆಗಳ ಒತ್ತಡ, ಮಳೆ, ಉಷ್ಣತೆಗಳ ಅಂಕಿಗಳನ್ನು ತರಿಸಿ, ಗುಮಾಸ್ತರ ದೊಡ್ಡ ಪಡೆಯನ್ನು ಕೂಡಿಸಿ, ಯಾವುದು ಯಾವುದರೊಡನೆ ಏರುತ್ತದೆ, ಇಳಿಯುತ್ತದೆ ಎಂಬುದನ್ನು ಗುಣಿಸಿ ಭಾಗಿಸಿ ನೋಡಿದನು. ಇಂದಿನ ಯಂತ್ರವು ವಿದ್ಯುತ್ತಿನಿಂದ ಮಾಡುವ ಕೆಲಸಕ್ಕೆ ಹತ್ತಿರದ ಕೆಲಸವನ್ನೇ ಆ ಗುಮಾಸ್ತರು ಲೇಖನಿಯಿಂದ ಮಾಡಿದರು. ಅದರಿಂದ ಹೊರಬಿದ್ದ ದೊಡ್ಡ ಸಂಗತಿಯೊಂದುಂಟು: ಶಾಂತಸಾಗರದ ಕಡೆ ಗಾಳಿಯೊತ್ತಡವು ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ, ಎರಡು ಸಾಗರಗಳು ಒಂದು ತಕ್ಕಡಿಯ ಎರಡು ತಟ್ಟೆಗಳಂತೆ ತೂಗುತ್ತವೆ. ಏಕೆ ತೂಗುತ್ತವೆ ಎಂಬುದನ್ನು ವಾಕರನು ಹೇಳಲಾರದಾದನು. ಆತನು ೧೯೨೪ರಲ್ಲಿ ಆ ಅಧಿಕಾರವನ್ನು ಬಿಟ್ಟು ಹೋದನು, ೧೯೫೮ರಲ್ಲಿ ತೀರಿಕೊಂಡನು. ಆ ತಕ್ಕಡಿಯ ಮುಳ್ಳು ಶಾಂತಸಾಗರದ ನೀರಿನ ಕಾವಿನಲ್ಲಿದೆ ಎಂಬುದನ್ನು ಬ್ಯೆರ್ಕ್ನೆಸ್ ಎಂಬಾತನು ೧೯೬೯ರಲ್ಲಿ ತೋರಿಸಿದನು. ಈ ಕಡೆ ವಾಕರನು ಮುಂಗಾರಿಗಾಗಿ ಆರಿಸಿಟ್ಟಿದ್ದ ಸಂಬಂಧಗಳಲ್ಲಿ ಎಷ್ಟೋ ಕೆಲವು ದಶಕಗಳಲ್ಲಿಯೇ ಸಡಿಲಿಹೋದವು. ಉಳಿಯುವ ಸಂಬಂಧ ಯಾವುದು, ಅಳಿಯುವುದು ಯಾವುದು ಎಂಬ ಗುರುತು ಆ ಅಂಕಿಗಳ ಮೈಮೇಲೆ ಇರಲಿಲ್ಲ.

ನ್ಯಾಯಶಾಸ್ತ್ರವನ್ನು ಓದಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ವ್ಯಾಪ್ತಿ. ಬೆಂಕಿಯಿದ್ದಲ್ಲಿ ಹೊಗೆಯಿದೆ ಎಂಬುದು ವ್ಯಾಪ್ತಿಯಂತೆ ತೋರುವುದಾದರೂ ವ್ಯಾಪ್ತಿಯಲ್ಲ. ಏಕೆಂದರೆ ಹೊಗೆಯೇಳುವುದಕ್ಕೆ ಹಸಿಸೌದೆಯ ಸಂಬಂಧವೂ ಬೇಕು. ಆ ಹಸಿಸೌದೆಯನ್ನು ಶಾಸ್ತ್ರಕಾರರು ಉಪಾಧಿಯೆಂದು ಕರೆದರು. ಕಾಯ್ದ ಕಬ್ಬಿಣದ ಗುಂಡನ್ನು ಎದುರಿಗಿಟ್ಟು, ಇಲ್ಲಿ ಬೆಂಕಿಯುಂಟು, ಹೊಗೆಯೆಲ್ಲಿ ಎಂದು ಕೇಳಿದರು. ಸೌದೆಯ ಒಲೆಯನ್ನಲ್ಲದೆ ಮತ್ತೊಂದನ್ನು ಕಾಣದವನು ಹತ್ತಕ್ಕೆ ಹತ್ತು ಸಲವೂ ಹೊಗೆಯನ್ನು ಕಂಡಿರುತ್ತಾನೆ. ಅವನನ್ನು ಕರೆತಂದು ಲಗ್ಗೆರೆಯ ಯಾವ ಅಡಿಗೆಯ ಮನೆಯಲ್ಲಿಯಾದರೂ ಗ್ಯಾಸಿನ ಒಲೆಯ ಮುಂದೆ ನಿಲ್ಲಿಸಿದರೆ, ಅವನ ಹತ್ತು ಸಲದ ಅನುಭವವು ಅವನನ್ನು ಕೈಬಿಡುವುದು. ಎಣಿಕೆಯು ಎಷ್ಟು ಬೆಳೆದರೂ ಉಪಾಧಿಯನ್ನು ತಾನಾಗಿ ತೋರಿಸಿಕೊಡಲಾರದು.

ಮುಂಗಾರಿನ ವಿಷಯದಲ್ಲಿ ಅಂತಹ ಒಲೆಯು ೧೯೯೭ರಲ್ಲಿ ಎದುರಾಯಿತು. ಶಾಂತಸಾಗರದ ಮಧ್ಯ ಮತ್ತು ಪೂರ್ವ ಭಾಗದ ನೀರು ಕಾವೇರುವ ಎಲ್ ನಿನ್ಯೊ ಎಂಬ ಸ್ಥಿತಿಯು ಭಾರತಕ್ಕೆ ಬರವನ್ನು ತರುವುದೆಂಬುದು ಅಷ್ಟು ಹೊತ್ತಿಗೆ ರೂಢಮೂಲವಾದ ನಂಬಿಕೆ. ೧೯೯೭ರ ಎಲ್ ನಿನ್ಯೊ ಆ ಶತಮಾನದ ಅತಿ ಪ್ರಬಲವಾದವುಗಳಲ್ಲೊಂದು. ಬರವನ್ನು ನಿರೀಕ್ಷಿಸಿದವರ ಮುಂದೆ ದೇಶದ ಮಳೆಯು ಸರಾಸರಿಗಿಂತ ಕೊಂಚ ಹೆಚ್ಚಾಗಿಯೇ ಸುರಿದು ಹೋಯಿತು. ಐದು ವರ್ಷ ಕಳೆದು ೨೦೦೨ರಲ್ಲಿ ಇದರ ವಿಪರೀತ. ಹವಾಮಾನ ಇಲಾಖೆಯು ೧೯೮೮ರಿಂದ ಹದಿನಾರು ಲಕ್ಷಣಗಳನ್ನು ಕೂಡಿಸಿ ಗುಣಿಸುವ ಸೂತ್ರವೊಂದನ್ನು ಬಳಸುತ್ತಿದ್ದಿತು. ವರ್ಷ ವರ್ಷವೂ ಅದು ಒಳ್ಳೆಯ ಮಳೆಯನ್ನು ಹೇಳಿ, ಮಳೆಯೂ ಬರುತ್ತ, ಸೂತ್ರದ ಮೇಲೆ ವಿಶ್ವಾಸ ಬೆಳೆದಿದ್ದಿತು. ೨೦೦೨ರಲ್ಲಿ ಅದು ಸರಾಸರಿಯ ನೂರಕ್ಕೆ ೧೦೧ರಷ್ಟು ಮಳೆಯನ್ನು ಹೇಳಿತು. ಬಂದದ್ದು ನೂರಕ್ಕೆ ೮೧. ಜುಲೈ ತಿಂಗಳಿನ ಮಳೆಯಂತೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಬಿತ್ತಿ ಮುಗಿಸಿ ಮೋಡವನ್ನು ನೋಡುತ್ತ ನಿಂತವರಿಗೆ ಈ ಅಂಕಿಗಳ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಸೂತ್ರವನ್ನು ಮರುವರ್ಷ ಬದಲಾಯಿಸಿದರು.

ಉಪಾಧಿಯು ಹಿಂದೂ ಮಹಾಸಾಗರದಲ್ಲಿ ಸಿಕ್ಕಿತು. ಆ ಸಾಗರದ ಪಡುವಣ ಭಾಗಕ್ಕೂ ಮೂಡಣ ಭಾಗಕ್ಕೂ ನೀರಿನ ಕಾವಿನಲ್ಲಿ ತನ್ನದೇ ಆದ ತೂಗಾಟವೊಂದುಂಟೆಂದು ೧೯೯೯ರಲ್ಲಿ ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಯಾಮಗಾಟ ಎಂಬ ನಾಲ್ವರು ತೋರಿಸಿದರು. ಅವರಲ್ಲಿ ಗೋಸ್ವಾಮಿಯವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದವರು. ಅದೇ ಸಂಸ್ಥೆಯ ಸುಲೋಚನಾ ಗಾಡ್ಗೀಳರೂ ಅವರ ಜೊತೆಗಾರರೂ ಭೂಮಧ್ಯರೇಖೆಯ ನೆರೆಯಲ್ಲಿ ಹಿಂದೂ ಮಹಾಸಾಗರದ ಮೇಲೆ ಮೋಡಗಳು ಪಡುವಣಕ್ಕೆ ನೆರೆಯುತ್ತವೆಯೊ ಮೂಡಣಕ್ಕೊ ಎಂಬುದು ಮುಂಗಾರಿಗೆ ನಿರ್ಣಾಯಕವೆಂದು ವಿವರಿಸಿದರು. ೧೯೯೭ರಲ್ಲಿ ಅದು ಮುಂಗಾರಿಗೆ ಅನುಕೂಲವಾಗಿದ್ದಿತು, ೨೦೦೨ರಲ್ಲಿ ಪ್ರತಿಕೂಲ. ತಾತನು ಕೇಳಿದ “ಉಳಿದೆರಡು ಸಲ”ದ ಪ್ರಶ್ನೆಗೆ ಉತ್ತರವು ಯಾವ ಆಕಾರದಲ್ಲಿರಬೇಕೆಂಬುದು ಇಲ್ಲಿ ಕಾಣುತ್ತದೆ. ಒಟ್ಟು ಹತ್ತರಲ್ಲಿ ಎಷ್ಟು ಎಂಬುದನ್ನು ಹೇಳಿದರೆ ಸಾಲದು. ಯಾವ ಸ್ಥಿತಿಯಲ್ಲಿ ಈ ಮಾತು ನಿಲ್ಲದು ಎಂಬುದನ್ನೂ ಹೇಳಬೇಕು. ಕಾರಣವನ್ನು ತಿಳಿದವನು ಮಾತ್ರ ಎಲ್ಲಿ ನಂಬಬಾರದೆಂಬುದನ್ನೂ ತಿಳಿದಿರುತ್ತಾನೆ.

ತಪ್ಪಿದ ಮಾತಿಗೂ ಕಾರಣವು ಗೌರವವನ್ನು ತಂದುಕೊಡುವುದೆಂಬುದಕ್ಕೆ ರಿಚರ್ಡ್ಸನ್ನನ ಚರಿತ್ರೆಯು ನಿದರ್ಶನ. ಲೂಯಿಸ್ ಫ್ರೈ ರಿಚರ್ಡ್ಸನ್ ಕ್ವೇಕರ್ ಪಂಥದವನು. ಯುದ್ಧದಲ್ಲಿ ಆಯುಧವನ್ನು ಹಿಡಿಯಲೊಲ್ಲದೆ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಹೊತ್ತೊಯ್ಯುವ ಬಂಡಿಯನ್ನು ನಡೆಸಿದವನು. ಹವೆಯ ಸಮೀಕರಣಗಳನ್ನು ಕೈಯಿಂದಲೇ ಬಿಡಿಸಿ ಆರು ಗಂಟೆಗಳ ಹವೆಯನ್ನು ಹೇಳಲು ಸಾಧ್ಯವೆಂದು ತೋರಿಸಲು, ೧೯೧೦ರ ಮೇ ೨೦ರ ದಾಖಲೆಯನ್ನು ಹಿಡಿದು ಅವನು ಲೆಕ್ಕ ಮಾಡಿದನು. ಲೆಕ್ಕವು ಒತ್ತಡವು ೧೪೫ ಮಿಲಿಬಾರ್ ಏರಬೇಕೆಂದು ಹೇಳಿತು. ನಿಜವಾಗಿ ಆ ದಿನ ಅದು ಹೆಚ್ಚುಕಡಿಮೆ ಅಲ್ಲಾಡಿಯೇ ಇರಲಿಲ್ಲ. ಇಂತಹ ಫಲವನ್ನು ಇನ್ನೊಬ್ಬನಾಗಿದ್ದರೆ ಪೆಟ್ಟಿಗೆಯ ತಳದಲ್ಲಿ ಹುಗಿದಿಡುತ್ತಿದ್ದನು. ರಿಚರ್ಡ್ಸನ್ನನು ೧೯೨೨ರಲ್ಲಿ ಅದನ್ನು ಪುಸ್ತಕವಾಗಿ ಅಚ್ಚುಹಾಕಿಸಿದನು, ಒಂದೊಂದು ಹೆಜ್ಜೆಯನ್ನೂ ಕಾಣುವಂತೆ ಬಿಡಿಸಿಟ್ಟು. ಹೆಜ್ಜೆಗಳು ಕಾಣುತ್ತಿದ್ದುದರಿಂದಲೇ ಮುಂದಿನವರು ತಪ್ಪಿನ ನೆಲೆಯನ್ನು ಹುಡುಕಿದರು: ಮೊದಲಿಗೆ ತೆಗೆದುಕೊಂಡ ಗಾಳಿ ಮತ್ತು ಒತ್ತಡಗಳ ಅಂಕಿಗಳು ಒಂದಕ್ಕೊಂದು ಹೊಂದಿರಲಿಲ್ಲ; ಅವುಗಳನ್ನು ಹದಗೊಳಿಸಿ ಅವನ ಕ್ರಮದಿಂದಲೇ ಬಿಡಿಸಿದರೆ ಫಲವು ಸರಿಯಾಗಿ ಬರುತ್ತದೆ. ಇಂದು ಲೋಕವೆಲ್ಲ ಬಳಸುವ ಮುನ್ಸೂಚನೆಯ ಹಳೆಯ ಕ್ರಮವು ಆ ತಪ್ಪು ಲೆಕ್ಕದ ವಂಶದ್ದು. ಹದಿನಾರು ಲಕ್ಷಣಗಳ ಸೂತ್ರವು ಹಲವು ವರ್ಷ ಸರಿಯಾಗಿದ್ದು ಸಂತಾನವಿಲ್ಲದೆ ಹೋಯಿತು.

ಆದರೆ ತಾತನು ವಿಜ್ಞಾನಿಯಲ್ಲವಷ್ಟೆ. ಸಮೀಕರಣವನ್ನು ಅವನಿಗೆ ತೋರಿಸಿ ಫಲವೇನು? ತಾನೇ ಕಂಡು ಅರಿಯಲಾಗದ್ದನ್ನು ಮನುಷ್ಯನು ಇನ್ನೊಬ್ಬರ ಬಾಯಿಂದ ತಿಳಿಯುತ್ತಾನೆ. ಅದಕ್ಕೆ ಶಾಸ್ತ್ರದಲ್ಲಿ ಆಪ್ತವಾಕ್ಯವೆಂದು ಹೆಸರು. ಆಪ್ತನೆಂದರೆ ಯಾರು? ವಿಷಯವನ್ನು ತಾನು ಪ್ರತ್ಯಕ್ಷವಾಗಿ ಕಂಡವನು, ಕಂಡದ್ದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನು ಎಂದು ನ್ಯಾಯಭಾಷ್ಯವನ್ನು ಬರೆದ ವಾತ್ಸ್ಯಾ­ಯನನ ಅಭಿಪ್ರಾಯ. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣವು ಸಮಾನವೆಂದೂ ಅವನು ಹೇಳಿದ್ದಾನೆ. ಆ ಕಾಲಕ್ಕೆ ಅದು ಧಾರಾಳವಾದ ಮಾತು. ಯಂತ್ರವನ್ನು ಈ ನಾಲ್ಕನೆಯ ಸ್ಥಾನದಲ್ಲಿ ಕೂರಿಸಬಹುದೆ? ಅದಕ್ಕೆ ತಿಳಿಸಬೇಕೆಂಬ ಇಚ್ಛೆಯಿಲ್ಲ, ಮರೆಮಾಚಬೇಕೆಂಬ ಇಚ್ಛೆಯೂ ಇಲ್ಲ. ಮಾತು ಸುಳ್ಳಾದರೆ ಮುಖ ತಗ್ಗಿಸಬೇಕಾಗಿಲ್ಲ. ಹಳ್ಳಿಯ ಜೋಯಿಸರಾದರೂ ಮರುವರ್ಷ ಅದೇ ಬೀದಿಯಲ್ಲಿ ನಡೆಯಬೇಕಾಗಿದ್ದಿತು.

ಪ್ರತ್ಯಕ್ಷವಾಗಿ ಕಂಡವರು ಯಂತ್ರದ ಹಿಂದೆ ಇದ್ದಾರೆ ಎಂಬುದೂ ನಿಜವೇ. ತಾಲ್ಲೂಕು ಕಚೇರಿಯ ಅಂಗಳದಲ್ಲಿದ್ದ ಮಳೆಯಳೆಯುವ ಪಾತ್ರೆಯನ್ನು ಬೆಳಗ್ಗೆ ಬೆಳಗ್ಗೆ ಬಗ್ಗಿ ನೋಡಿ ರಿಜಿಸ್ಟರಿನಲ್ಲಿ ಬರೆದಿಟ್ಟ ಗುಮಾಸ್ತರು ಎಷ್ಟು ಜನ! ೧೮೯೧ರ ಜೂನ್ ೧೬ರ ಮಳೆಯನ್ನು ಯಾರೋ ಒಬ್ಬನು ಅಳೆದು ಬರೆದಿಟ್ಟಿದ್ದರಿಂದಲೇ ೨೦೨೪ರ ಮಳೆಯು ಎಷ್ಟು ಅಪೂರ್ವವೆಂಬುದು ತಿಳಿದುಬಂದಿತು. ಇಂದು ಯಲಹಂಕದಲ್ಲಿರುವ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಕರ್ನಾಟಕದ ಆರು ಸಾವಿರಕ್ಕೂ ಮೇಲ್ಪಟ್ಟ ಮಳೆಮಾಪಕಗಳಿಂದ, ಗ್ರಾಮ ಪಂಚಾಯಿತಿಯ ಮಟ್ಟದವರೆಗೆ, ತಾನಾಗಿಯೇ ಸುದ್ದಿ ಬಂದು ಸೇರುತ್ತದೆ; ೧೯೮೮ರಲ್ಲಿ ಬರದ ಮೇಲೆ ಕಣ್ಣಿಡುವುದಕ್ಕೆಂದು ಹುಟ್ಟಿದ ಘಟಕವೇ ಹೀಗೆ ಬೆಳೆಯಿತು. ಯಂತ್ರದ ನುಡಿಯು ಇಂತಹ ಸಾವಿರ ಸಾಕ್ಷಿಗಳ ಮಾತನ್ನು ಅರಗಿಸಿಕೊಂಡ ನುಡಿ. ಅರಗಿದ ಮೇಲೆ ಯಾವ ಸಾಕ್ಷಿಯು ಏನು ಹೇಳಿದನೆಂಬುದು ಕಾಣದೆ ಹೋಗುತ್ತದೆಂಬುದೇ ತೊಡಕು.

ಸಂಶೋಧಕರ ಕೆಲಸವು ಇಲ್ಲಿ ಮೊದಲಾಗುತ್ತದೆ. ಅವರು ಬಳಸುವ ಉಪಾಯಗಳಲ್ಲಿ ಒಂದು, ನಕ್ಷೆಯ ಒಂದೊಂದು ಭಾಗವನ್ನು ಮುಚ್ಚಿ ನೋಡುವುದು: ಅರಬ್ಬೀ ಸಮುದ್ರವನ್ನು ಮುಚ್ಚಿದಾಗ ಯಂತ್ರದ ಮಾತು ಬದಲಾದರೆ, ಆ ಮಾತಿಗೆ ಅರಬ್ಬೀ ಸಮುದ್ರದ ಆಧಾರವಿದ್ದಿತೆಂದು ತಿಳಿಯುವುದು. ಇನ್ನೊಂದು ಉಪಾಯವು ಅರ್ಥಶಾಸ್ತ್ರದಿಂದ ಬಂದದ್ದು. ಅಣ್ಣತಮ್ಮಂದಿರು ನಾಲ್ವರು ಕೂಡಿ ದುಡಿದ ಫಸಲನ್ನು ಹಂಚಿಕೊಳ್ಳುವುದು ಹೇಗೆ? ಒಬ್ಬೊಬ್ಬನೂ ಎಲ್ಲ ಬಗೆಯ ಸರದಿಯಲ್ಲಿಯೂ ಕೆಲಸಕ್ಕೆ ಬಂದು ಸೇರಿದನೆಂದು ಎಣಿಸಿ, ಅವನು ಬಂದುದರಿಂದ ಪ್ರತಿ ಸಲವೂ ಎಷ್ಟು ಹೆಚ್ಚಿತೆಂಬುದನ್ನು ನೋಡಿ, ಅದರ ಸರಾಸರಿಯನ್ನು ಅವನ ಪಾಲಾಗಿ ಕೊಡಬೇಕೆಂದು ಲಾಯ್ಡ್ ಶೇಪ್ಲಿ ಎಂಬ ಗಣಿತಜ್ಞನು ೧೯೫೩ರಲ್ಲಿ ಹೇಳಿದನು. ೨೦೧೭ರಿಂದ ಈಚೆಗೆ ಅದೇ ನ್ಯಾಯವನ್ನು ಯಂತ್ರದ ತೀರ್ಮಾನಕ್ಕೆ ಹಚ್ಚಿ, ಮಳೆಯೆಂಬ ಫಲದಲ್ಲಿ ತೇವದ ಪಾಲೆಷ್ಟು, ಗಾಳಿಯ ಪಾಲೆಷ್ಟು, ದೂರದ ಕಡಲಿನ ಕಾವಿನ ಪಾಲೆಷ್ಟು ಎಂದು ಹಂಚಿ ತೋರಿಸುತ್ತಾರೆ. ಯಂತ್ರವು ಸರಿಯುತ್ತರವನ್ನು ತಪ್ಪು ಕಾರಣದಿಂದ ಹೇಳುವುದೂ ಹೀಗೆ ಬಯಲಾಗಿದೆ. ಚಿತ್ರಗಳಲ್ಲಿ ಕುದುರೆಯನ್ನು ಚೆನ್ನಾಗಿ ಗುರುತಿಸುತ್ತಿದ್ದ ಒಂದು ಯಂತ್ರವನ್ನು ಹೀಗೆ ಪರೀಕ್ಷಿಸಿದಾಗ, ಅದು ನೋಡುತ್ತಿದ್ದುದು ಕುದುರೆಯನ್ನಲ್ಲ, ಕುದುರೆಯ ಚಿತ್ರಗಳ ಮೂಲೆಯಲ್ಲಿ ಅಚ್ಚಾಗಿದ್ದ ಚಿತ್ರಕಾರನ ಮುದ್ರೆಯನ್ನು ಎಂದು ತಿಳಿಯಿತು.

ಇಷ್ಟರಿಂದ ಸಮಸ್ಯೆ ಬಗೆಹರಿಯಿತೆಂದು ತಿಳಿಯುವವರು ೨೦೧೮ರಲ್ಲಿ ಅಡೆಬಾಯೊ ಮತ್ತು ಅವನ ಜೊತೆಗಾರರು ನಡೆಸಿದ ಪರೀಕ್ಷೆಯನ್ನು ನೆನೆಯಬೇಕು. ಕಲಿತ ಯಂತ್ರದ ತೂಕಗಳನ್ನೆಲ್ಲ ಅವರು ಮನಬಂದಂತೆ ಕಲಕಿಬಿಟ್ಟರು. ಎಂದರೆ ಯಂತ್ರವು ಕಲಿತದ್ದನ್ನೆಲ್ಲ ಮರೆತಂತಾಯಿತು. ಆ ಬಳಿಕ ಕಾರಣವನ್ನು ಹೊರಡಿಸುವ ಉಪಾಯಗಳನ್ನು ಮತ್ತೆ ಹಚ್ಚಿದರೆ, ಅವುಗಳಲ್ಲಿ ಕೆಲವು ಮೊದಲಿನಂತೆಯೇ ಕಾಣುವ ಚಿತ್ರವನ್ನು ಬರೆದುಕೊಟ್ಟವು. ಏನನ್ನೂ ಅರಿಯದವನ ಮಾತಿಗೂ ಸೊಗಸಾದ ಕಾರಣವು ಸಿಕ್ಕಿಬಿಟ್ಟಿತು! ಲೋಕದಲ್ಲಿ ಇಂತಹ ವ್ಯಾಖ್ಯಾನಕಾರರು ಯಂತ್ರಕ್ಕೆ ಮೊದಲೂ ಇದ್ದರೆಂಬುದು ಬೇರೆ ಮಾತು. ಕಾರಣವು ಯಂತ್ರದ ಒಳಗನ್ನು ತೋರಿಸುತ್ತದೆಯೊ, ಕೇಳುವವನ ಮನಸ್ಸಿಗೆ ಹಿತವಾದುದನ್ನು ತೋರಿಸುತ್ತದೆಯೊ ಎಂಬುದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕಾಯಿತು. ಒಂದು ವೇಳೆ ಯಂತ್ರದ ಒಳಗನ್ನು ಸರಿಯಾಗಿ ತೋರಿಸಿದರೂ, ಅದು ಯಂತ್ರದ ಕಾರಣವೇ ಹೊರತು ಆಕಾಶದ ಕಾರಣವಲ್ಲ. ಇದನ್ನೆಲ್ಲ ಕಂಡು ಸಿಂಥಿಯಾ ರೂಡಿನ್ ಎಂಬ ವಿದುಷಿಯು ೨೦೧೯ರಲ್ಲಿ, ಮನುಷ್ಯರ ಬಾಳು ಪಣವಾಗಿರುವೆಡೆಯಲ್ಲಿ ಕತ್ತಲೆಯ ಪೆಟ್ಟಿಗೆಗೆ ಹೊರಗಿನಿಂದ ವ್ಯಾಖ್ಯಾನ ಬರೆಯುವುದನ್ನು ಬಿಟ್ಟು, ಮೊದಲಿನಿಂದಲೇ ಒಳಗು ಕಾಣುವ ಯಂತ್ರವನ್ನು ಕಟ್ಟಬೇಕೆಂದು ವಾದಿಸಿದಳು. ಹವೆಯಂತಹ ಜಟಿಲವಾದ ವಿಷಯದಲ್ಲಿ ಅದು ಎಷ್ಟರ ಮಟ್ಟಿಗೆ ಸಾಧ್ಯವೆಂಬುದು ವಿವಾದಾಸ್ಪದ. ಆದರೆ ವಾದದ ನೈತಿಕಭಾಗವು ಗಟ್ಟಿಯಾದುದು. ಕಾರಣವಿಲ್ಲದ ಮಾತನ್ನು ಕೇಳಿದವನು ಎಚ್ಚರದಿಂದಿರುತ್ತಾನೆ, ಬೀಜದಲ್ಲಿ ಒಂದಿಷ್ಟನ್ನು ಉಳಿಸಿಕೊಳ್ಳುತ್ತಾನೆ. ಸುಳ್ಳು ಕಾರಣವನ್ನು ಕೇಳಿದವನು ಆ ಎಚ್ಚರವನ್ನೂ ಕಳೆದುಕೊಂಡು ಚೀಲವನ್ನು ಬರಿದುಮಾಡುತ್ತಾನೆ. ಸುಮ್ಮನಿರುವ ಯಂತ್ರಕ್ಕಿಂತ ನಯವಾಗಿ ಸುಳ್ಳು ಕಾರಣ ಹೇಳುವ ಯಂತ್ರವು ಹೆಚ್ಚು ಕೇಡಿನದು.

ಪಾವಗಡದಲ್ಲಿಯೇ ಇದಕ್ಕೆ ಒಂದು ಮೇಲ್ಪಂಕ್ತಿಯುಂಟು. ೨೦೨೫ರಲ್ಲಿ ತೀರಿಕೊಂಡ ಸುಲೋಚನಾ ಗಾಡ್ಗೀಳರು ತಮ್ಮ ಜೊತೆಗಾರರೊಡನೆ ಅಲ್ಲಿಯ ಕಡಲೆಕಾಯಿಯ ರೈತರನ್ನೇ ಕೂಡಿಸಿಕೊಂಡು, ಯಾವಾಗ ಬಿತ್ತಿದರೆ ಒಳ್ಳೆಯದೆಂಬುದನ್ನು ವ್ಯಾಸಂಗ ಮಾಡಿದರು. ಪೂರ್ವಿಕರ ಅನುಭವವು ಹಳೆಯ ಬೆಳೆಗಳನ್ನು ಕುರಿತದ್ದು. ಕಡಲೆಕಾಯಿಯ ಈ ತಳಿಯು ಆ ನೆಲಕ್ಕೆ ಹೊಸದಾದುದರಿಂದ ಆ ಅನುಭವವು ಅದಕ್ಕೆ ಒದಗುತ್ತಿರಲಿಲ್ಲ ಎಂಬುದನ್ನು ಅವರು ಮೊದಲು ಗುರುತಿಸಿದರು. ಬಹುವರ್ಷಗಳ ಮಳೆಯ ದಾಖಲೆಯನ್ನು ಬೆಳೆಯ ಬೆಳವಣಿಗೆಯ ಲೆಕ್ಕದೊಡನೆ ಜೋಡಿಸಿ ನೋಡಿದಾಗ, ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಹರಡಿದ್ದ ಬಿತ್ತನೆಯ ಕಾಲದಲ್ಲಿ, ಜುಲೈ ಮಧ್ಯ ಕಳೆದು ಬಿತ್ತಿದರೆ ಬೆಳೆ ಕೈಕೊಡುವ ಅಪಾಯ ಕಡಿಮೆಯೆಂದು ಕಂಡಿತು. ಏಕೆಂಬುದನ್ನೂ ಹೇಳಿದರು: ಕಾಯಿ ಬಲಿಯುವ ಹೊತ್ತಿಗೆ ಒಣಹವೆ ಅಡ್ಡಬಾರದಂತೆ ತಪ್ಪಿಸಿಕೊಳ್ಳುವುದು ಅದರಿಂದ ಸುಲಭ. ಈ ಕಾರಣವನ್ನು ರೈತನು ತನ್ನ ಹೊಲದಲ್ಲಿ ಗಿಡವನ್ನು ಕಿತ್ತು ಬೇರನ್ನು ನೋಡಿ ಪರೀಕ್ಷಿಸಬಲ್ಲನು, ಒಪ್ಪದಿದ್ದರೆ ಬಿಡಬಲ್ಲನು. ಸಮೀಕರಣವನ್ನು ತಿಳಿಯದವನಿಗೂ ಸಲ್ಲತಕ್ಕ ಕಾರಣ ಇಂತಹುದು. ಕೇಳಿದವನಿಗೆ ‘ಇಲ್ಲ’ವೆನ್ನುವ ಶಕ್ತಿಯನ್ನು ಅದು ಕೊಡುತ್ತದೆ, ಬರಿಯ ಆಜ್ಞೆಯು ಆ ಶಕ್ತಿಯನ್ನು ಕೊಡಲಾರದು. ಮೊಬೈಲಿಗೆ ಬರುವ ಎರಡು ಸಾಲಿನ ಸಂದೇಶದಲ್ಲಿ ಮಳೆಯ ತಾರೀಖಿಗೆ ಸ್ಥಳವಿರುವಂತೆ, ಆ ತಾರೀಖು ಯಾವುದನ್ನು ನಂಬಿ ನಿಂತಿದೆಯೆಂಬ ನಾಲ್ಕು ಮಾತಿಗೂ ಸ್ಥಳವನ್ನು ಮಾಡಬಾರದೇಕೆ?

ಲಗ್ಗೆರೆಯ ಆ ಬಾಡಿಗೆಯ ಮನೆಯಲ್ಲಿ ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಮತ್ತೆ ಫೋನು ಬರುತ್ತದೆಂದು ಇಟ್ಟುಕೊಳ್ಳೋಣ. ಮೊಮ್ಮಗಳು ಈ ನಡುವೆ ನಕ್ಷೆಯ ಭಾಗಗಳನ್ನು ಒಂದೊಂದಾಗಿ ಮುಚ್ಚಿ ನೋಡಿದ್ದಾಳೆ. ಬಂಗಾಳ ಕೊಲ್ಲಿಯ ಮೇಲಿನ ತೇವವನ್ನು ಮುಚ್ಚಿದಾಗ ಮಾತ್ರ ಯಂತ್ರದ ಮಾತು ಸಡಿಲಾಗುತ್ತದೆ. ತೂಕಗಳನ್ನು ಕಲಕಿ ನೋಡಿದಾಗ ಆ ಗುರುತು ಅಳಿಸಿಹೋಗುತ್ತದೆ, ಆದುದರಿಂದ ಅದು ಬರಿಯ ಬಣ್ಣವಲ್ಲವೆಂದು ಆಕೆಗೆ ಧೈರ್ಯ. ಕೊಲ್ಲಿಯ ಕಡೆಯಿಂದ ಮೋಡ ತಿರುಗಿ ಬರಬೇಕು, ಶನಿವಾರದೊಳಗೆ ತಿರುಗದಿದ್ದರೆ ತನ್ನ ಮಾತನ್ನು ನಂಬಬೇಡ ಎಂದು ಆಕೆ ಹೇಳುತ್ತಾಳೆ. “ಶನಿವಾರದ ತನಕ ಚೀಲ ಬಿಚ್ಚಲ್ಲ ಬಿಡಮ್ಮ” ಎಂದು ತಾತ ಫೋನನ್ನು ಇಡುತ್ತಾನೆ. ಹೊರಗೆ ಹೊರವರ್ತುಲ ರಸ್ತೆಯ ಕಡೆ ಗುಡುಗು ಕೇಳಿಸುತ್ತದೆ. ಆಕೆ ಎದ್ದು ಮಾಡಿಯ ಮೇಲಿನ ಬಟ್ಟೆಯನ್ನು ತೆಗೆಯಲು ಹೋಗುತ್ತಾಳೆ.